ಘಟ್ಟದ ಸರಕು ರೈಲೂ ಕಾಫಿ ತೋಟದ ಗೊಬ್ಬರವೂ

ಮೂಡಿಗೆರೆ, ಕಳಸ ಸೀಮೆಗಳಲ್ಲಿ ರೈಲಿನ ಹಳಿಯಿಲ್ಲ. ಆದರೂ ಇಲ್ಲಿನ ತೋಟಗಳ ಏಳಿಗೆಯು ನೆರೆಯ ಸಕಲೇಶಪುರದ ಘಟ್ಟವನ್ನೇರುವ ಸರಕು ರೈಲನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆಯೆಂಬುದನ್ನು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಆಲೋಚಿಸತಕ್ಕದ್ದು.

ಹಿಂದಿನ ಕಾಲದಲ್ಲಿ ಈ ಸೀಮೆಯ ಕಾಫಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಮಂಗಳೂರನ್ನು ಸೇರುತ್ತಿತ್ತು. ಹಾಸನ–ಮಂಗಳೂರು ರೈಲು ಮಾರ್ಗವು 1979ರಲ್ಲಿ ಪೂರ್ಣವಾಯಿತು. ಹಳಿಯನ್ನು ಅಗಲ ಮಾಡುವುದಕ್ಕಾಗಿ 1996ರಲ್ಲಿ ಸಂಚಾರವನ್ನು ನಿಲ್ಲಿಸಿದರು. 2006ರಲ್ಲಿ ಸರಕು ರೈಲುಗಳೂ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲುಗಳೂ ಪುನಃ ಓಡಲಾರಂಭಿಸಿದವು. ಚಿಕ್ಕಮಗಳೂರು ಪಟ್ಟಣಕ್ಕೆ ಕಡೂರಿನಿಂದ ಸಖರಾಯಪಟ್ಟಣದ ಮಾರ್ಗವಾಗಿ 46 ಕಿಲೋಮೀಟರುಗಳ ಕಿರುಮಾರ್ಗವು ಬಂದದ್ದು 2013ರಲ್ಲಿ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರುಗಳಲ್ಲಿ 57 ಸುರಂಗಗಳೂ ನೂರಕ್ಕೆ ಮೀರಿದ ಸೇತುವೆಗಳೂ ಇವೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಕಡಿದಾದ ದಾರಿ ಇದು. ಆದಕಾರಣ ಭಾರದ ರೈಲನ್ನು ಮೇಲಕ್ಕೆ ತರಲು ಮುಂದಿನ ಎಂಜಿನ್ನು ಸಾಲದೆ, ಹಿಂದಿನಿಂದ ನೂಕುವುದಕ್ಕೂ ಎಂಜಿನ್ನುಗಳನ್ನು ಹೂಡಬೇಕಾಗುತ್ತದೆ. ಪಣಂಬೂರಿನ ಗೊಬ್ಬರದ ಕಾರ್ಖಾನೆಯೂ ನವಮಂಗಳೂರು ಬಂದರೂ ಘಟ್ಟದ ಕೆಳಗಿರುವುದರಿಂದ, ಅಲ್ಲಿಂದ ರೈಲಿನಲ್ಲಿ ಮೇಲಕ್ಕೆ ಬರುವ ಸರಕಿಗೆ ಇದೇ ಹತ್ತಿರದ ಹಾದಿ.

ಈ ಹಾದಿಯ ಶತ್ರುವು ಮಳೆಯೇ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಹಲವು ವಾರ ರೈಲು ಸಂಚಾರ ನಿಂತಿತು. 2024ರ ಜುಲೈ ತಿಂಗಳ ಕೊನೆಯಲ್ಲಿಯೂ ಎಡಕುಮರಿಯ ಬಳಿ ಭೂಮಿ ಜರಿದು ಹಲವು ದಿವಸ ಮಾರ್ಗ ಮುಚ್ಚಿತು. ಅದೇ ಮಳೆಯಲ್ಲಿ ಘಟ್ಟದ ರಸ್ತೆಗಳೂ ಕೆಡುವುದುಂಟು. ಕಾಫಿಗೆ ಮಳೆ ಹಿಂದೆಗೆದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ, ಗೊಬ್ಬರ ಹಾಕಬೇಕಾಗಿರುವುದಷ್ಟೆ. ಆಗಸ್ಟಿನಲ್ಲಿ ಹಾದಿ ಕಟ್ಟಿದರೆ ಆ ಗೊಬ್ಬರವು ಸಕಾಲಕ್ಕೆ ದೊರೆಯದು. ಕಾಯಿ ಬಲಿಯುವ ಕಾಲದಲ್ಲಿ ಗಿಡವು ಹಸಿದಿರುವುದು. ಹೊತ್ತು ಮೀರಿದ ಮೇಲೆ ಹಾಕಿದ ಗೊಬ್ಬರದಿಂದ ಆ ವರ್ಷದ ನಷ್ಟವು ಪೂರ್ಣವಾಗಿ ತುಂಬದು.

ಸರಕು ರೈಲಿನ ಇನ್ನೊಂದು ಗುಣವನ್ನೂ ಅರಿತಿರಬೇಕು. ಅದು ಹತ್ತಿಪ್ಪತ್ತು ಚೀಲಗಳಿಗಾಗಿ ಹೊರಡುವುದಿಲ್ಲ. ಒಂದು ಮುಚ್ಚು ವ್ಯಾಗನ್ನಿಗೆ ಸುಮಾರು 60 ಟನ್ನು, ಎಂದರೆ 50 ಕಿಲೋಗ್ರಾಂ ತೂಕದ 1,200 ಚೀಲಗಳು ಹಿಡಿಯುತ್ತವೆ; ಇಂತಹ ಸುಮಾರು 40 ವ್ಯಾಗನ್ನುಗಳು ಸೇರಿ ಒಂದು ರೈಲಾಗುತ್ತದೆ. ಹತ್ತು ಎಕರೆಯ ಬೆಳೆಗಾರನೊಬ್ಬನ ಬೇಡಿಕೆಯು ಇದರ ಮುಂದೆ ಎಷ್ಟರದು? ಊರೂರುಗಳ ಬೇಡಿಕೆಯು ಮೊದಲೇ ಒಟ್ಟುಗೂಡಿದರೆ ಮಾತ್ರ ಸರಬರಾಜು ಮಾಡುವವರಿಗೆ ತಕ್ಕ ಅಂದಾಜು ಸಿಕ್ಕೀತು.

ಆದುದರಿಂದ ಮುಖ್ಯಸ್ಥರು ಏಪ್ರಿಲ್ ತಿಂಗಳಲ್ಲಿಯೇ ತಮ್ಮ ಗ್ರಾಮದ ದೊಡ್ಡ ಸಣ್ಣ ಹಿಡುವಳಿದಾರರೆಲ್ಲರ ಅಗತ್ಯವನ್ನು ಪಟ್ಟಿ ಮಾಡಿಸಿ ಸಹಕಾರ ಸಂಘಕ್ಕೆ ಒಪ್ಪಿಸುವುದು ಉತ್ತಮ. ಮಳೆಗಾಲದ ನಂತರಕ್ಕೆ ಬೇಕಾದ ಗೊಬ್ಬರವನ್ನೂ ಸಾಧ್ಯವಾದಷ್ಟು ಮೇ ಕೊನೆಯೊಳಗೆ ತರಿಸಿಕೊಳ್ಳಬೇಕು. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಗಳ ಮೇಲೆ, ಗೋಡೆಯಿಂದ ದೂರವಾಗಿ ಜೋಡಿಸತಕ್ಕದ್ದು. ಯೂರಿಯಾವು ಗಾಳಿಯ ತೇವವನ್ನು ಹೀರಿ ಕರಗುವ ವಸ್ತುವಾದ್ದರಿಂದ ಅದರ ಚೀಲಗಳನ್ನು ಬಿಚ್ಚಿಡಬಾರದು. ದೊಡ್ಡ ಉಗ್ರಾಣವುಳ್ಳ ಜಮೀನುದಾರರು ನೆರೆಯ ಸಣ್ಣ ಬೆಳೆಗಾರರ ಚೀಲಗಳಿಗೂ ಸ್ಥಳ ಕೊಟ್ಟರೆ ಊರಿಗೇ ಉಪಕಾರವಾಗುವುದು.

ಗುಡ್ಡವು ಜರಿಯುವುದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಮುಂಚೆ ಉಗ್ರಾಣವನ್ನು ತುಂಬಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ.