ಮೋಟಾರಿನ ಹಿಂದಿನ ಗಾಜು

ಕಬ್ಬಿನ ಸುಗ್ಗಿಯು ಆರಂಭವಾಯಿತೆಂದರೆ ಶೇಡಬಾಳದ ಸುತ್ತಲಿನ ದಾರಿಗಳೆಲ್ಲ ಟ್ರ್ಯಾಕ್ಟರುಗಳ ಪಾಲಾಗುವವು. ಒಂದೊಂದರ ಬೆನ್ನಿಗೆ ಎರಡೆರಡು ಟ್ರೇಲರುಗಳು. ಉಗಾರ ಖುರ್ದದ ಸಕ್ಕರೆ ಕಾರಖಾನೆಯ ಕಡೆಗೆ ಹಗಲಿರುಳೂ ಹರಿಯುವ ಸಾಲು. ಅದೇ ದಾರಿಯಲ್ಲಿ ಈಚೆಗೆ ಮೂವತ್ತು ನಾಲ್ವತ್ತು ಲಕ್ಷ ರೂಪಾಯಿ ಬೆಲೆಯ ಎತ್ತರವಾದ ಮೋಟಾರುಗಳೂ ಸಂಚರಿಸುತ್ತಿರುವವು. ಎಸ್‌ಯುವಿ ಎಂದು ಅವುಗಳಿಗೆ ಹೆಸರು. ಕಬ್ಬು ದ್ರಾಕ್ಷಿಗಳ ಬೆಳೆಯಿಂದ ನಾಲ್ಕು ಕಾಸು ಕೂಡಿಸಿದ ಗೃಹಸ್ಥರು, ಮನೆಮಂದಿಯೆಲ್ಲ ಒಂದೇ ಬಂಡಿಯಲ್ಲಿ ಕೂಡ್ರಬಹುದೆಂಬ ಕಾರಣದಿಂದ ಇವನ್ನು ಕೊಂಡುಕೊಳ್ಳುವರು. ಎಂಜಿನ್ನಿನ ಬಲವೆಷ್ಟು, ಎಣ್ಣೆ ಎಷ್ಟು ಬೇಕಾಗುವದು ಎಂಬುದನ್ನು ಅವರು ಬಾಯಿಪಾಠವಾಗಿ ಹೇಳಬಲ್ಲರು. ಆದರೆ ಹಿಂದಿನ ಗಾಜು ಮಾತ್ರ ಒಡೆದ ದಿನವೇ ನೆನಪಿಗೆ ಬರುವದು. ಏಳು ಆಸನಗಳ ಬಂಡಿಯಲ್ಲಿ ಕಟ್ಟಕಡೆಯ ಸಾಲು ಬಹುತರವಾಗಿ ಮಕ್ಕಳ ಪಾಲಿಗೆ ಬರುವದೆಂಬುದನ್ನೂ, ಅವರ ತಲೆಯ ಹಿಂದೆ ತುಸುವೇ ಅಂತರದಲ್ಲಿ ಇರುವದು ಈ ಗಾಜೇ ಎಂಬುದನ್ನೂ ಲಕ್ಷಿಸಿದರೆ, ಇದರ ಬಗ್ಗೆ ನಾಲ್ಕು ಮಾತು ಬರೆಯುವದು ಅನಾವಶ್ಯಕವೆಂದು ವಾಚಕರು ಎಣಿಸಲಾರರು.

ನಮ್ಮ ಭಾಗದ ಗ್ಯಾರೇಜುಗಳಲ್ಲಿ ಗಾಜಿಗೆ ‘ಕಾಚ’ ಎನ್ನುವರು. ಮರಾಠಿಯಿಂದ ಬಂದ ಮಾತೆಂದು ಕೆಲವರು ಇದನ್ನು ಹಳಿಯುವದುಂಟು. ಆದರೆ ಅದು ಶುದ್ಧ ಸಂಸ್ಕೃತ ಶಬ್ದ. ಅಮರಸಿಂಹನು ತನ್ನ ಕೋಶದಲ್ಲಿ ಕ್ಷಾರ, ಕಾಚ ಎಂಬಿವನ್ನು ಒಟ್ಟಿಗೆ ಹೇಳಿರುವನು. ಮರಳಿಗೆ ಕ್ಷಾರವನ್ನು ಕೂಡಿಸಿ ಕರಗಿಸಿದಲ್ಲದೆ ಸಾಮಾನ್ಯ ಗಾಜು ಆಗದು. ಇಂದಿನ ಮೋಟಾರಿನ ಗಾಜೂ ಮರಳು, ಸೋಡಾ, ಸುಣ್ಣಗಳ ಪಾಕವೇ. ಪಾಕವು ಒಂದೇ ಆದರೂ ಬಂಡಿಯ ಮುಂದಿನ ಗಾಜಿಗೂ ಹಿಂದಿನ ಗಾಜಿಗೂ ಸಂಸ್ಕಾರವು ಬೇರೆ ಬೇರೆ.

ಮುಂದಿನದು ಎರಡು ಹಾಳೆಗಳ ನಡುವೆ ಒಂದು ಮೆತ್ತನೆಯ ಪೊರೆಯನ್ನಿಟ್ಟು ಒತ್ತಿದ ಗಾಜು. ಫ್ರಾನ್ಸದ ಎದುವಾರ್ ಬೆನೆಡಿಕ್ಟಸನು 1909ರಲ್ಲಿ ಈ ವಿಧಾನಕ್ಕೆ ಪೇಟೆಂಟು ಪಡೆದನು. ಕಲ್ಲು ತಾಗಿದರೆ ಇದು ಜೇಡರ ಬಲೆಯಂತೆ ಬಿರಿಯುವದು, ಆದರೆ ಉದುರದು. ಹಿಂದಿನದಾದರೋ ಬಹುಮಟ್ಟಿಗೆ ಒಂದೇ ಹಾಳೆ. ಅದನ್ನು 600 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ತಣ್ಣನೆಯ ಗಾಳಿಯನ್ನು ಒಮ್ಮೆಲೇ ಊದುವರು. ಹೊರಮೈ ಮೊದಲು ಬಿಗಿಯುವದು. ಒಳಭಾಗವು ತಡವಾಗಿ ತಣಿಯುತ್ತ ಸಂಕುಚಿತವಾಗಲೆಳಸಿ ಹೊರಮೈಯನ್ನು ಅಮುಕಿ ಹಿಡಿಯುವದು. ಹೀಗೆ ಹದಗೊಂಡ ಗಾಜು ಅಷ್ಟೇ ದಪ್ಪದ ಸಾಮಾನ್ಯ ಗಾಜಿಗಿಂತ ಸುಮಾರು ನಾಲ್ಕು ಪಟ್ಟು ಗಟ್ಟಿ. ವ್ಯಾಪಾರದಲ್ಲಿ ಇದಕ್ಕೆ ಟಫನ್ಡ್ ಅಥವಾ ಟೆಂಪರ್ಡ್ ಗಾಜೆಂದು ಹೆಸರು. ಒಮ್ಮೆ ಆ ಬಿಗಿತವು ಎಲ್ಲಿಯಾದರೂ ತಪ್ಪಿತೋ, ಇಡಿಯ ಗಾಜು ಒಂದು ಕ್ಷಣದಲ್ಲಿ ಜೋಳದ ಕಾಳಿನಂಥ ಹರಳುಗಳಾಗಿ ಸುರಿಯುವದು. ರಾಜಕುಮಾರ ರೂಪರ್ಟನು ಇಂಗ್ಲಂಡಕ್ಕೆ ತಂದ, 1661ರಲ್ಲಿ ರಾಯಲ್ ಸೊಸೈಟಿಯ ಪಂಡಿತರು ಪರೀಕ್ಷಿಸಿದ ಗಾಜಿನ ಹನಿಗಳಲ್ಲಿಯೂ ಇದೇ ಚಮತ್ಕಾರವಿತ್ತು: ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದರೂ ತಾಳುವವು, ಬಾಲವನ್ನು ಮುರಿದರೆ ಪುಡಿಯಾಗುವವು. ಹರಳುಗಳಾಗಿ ಸುರಿಯುವದು ಗಾಜಿನ ದೋಷವಲ್ಲ, ಗುಣ. ಚೂರಿಯಂಥ ಉದ್ದನೆಯ ಸೀಳುಗಳು ಮಕ್ಕಳ ಕತ್ತಿನ ಮೇಲೆ ಬೀಳಬಾರದೆಂದೇ ಈ ಯೋಜನೆ.

ಒಡೆಯುವ ಕಾರಣಗಳು ಹಲವು. ಹಿಂದಕ್ಕೆ ಸರಿಯುವಾಗ ಟ್ರೇಲರಿನ ಕಬ್ಬಿನ ತುದಿ ಅಥವಾ ಕಬ್ಬಿಣದ ಸಲಾಕೆ ತಾಗುವದು ಒಂದು. ನೀರಿನ ಪೈಪು, ಮಂಚದ ಕಾಲು ಮೊದಲಾದ ಉದ್ದ ಸಾಮಾನುಗಳನ್ನು ತುಂಬಿ ಡಿಕ್ಕಿಯ ಬಾಗಿಲನ್ನು ಜೋರಿನಿಂದ ಹಾಕುವದು ಇನ್ನೊಂದು. ಗುಂಡಿ ಒತ್ತಿದರೆ ತಾನೇ ಮುಚ್ಚುವ ಬಾಗಿಲುಗಳಲ್ಲಿಯಂತೂ ಹೆಚ್ಚಿನ ಎಚ್ಚರವಿರಬೇಕು. ಅಂಚಿನಲ್ಲಿ ಬಿದ್ದ ಸಣ್ಣ ಗೀರು ಎಷ್ಟೋ ದಿನ ಸುಮ್ಮನಿದ್ದು, ಬೇಸಿಗೆಯ ಬಿಸಿಲಲ್ಲಿ ಕಾದ ಗಾಜಿನ ಮೇಲೆ ತಣ್ಣೀರು ಸುರಿದೊಡನೆ ಫಲ ಕೊಡಬಹುದು. ತಯಾರಿಕೆಯಲ್ಲಿ ಒಳಸೇರಿದ ನಿಕ್ಕೆಲ್ ಸಲ್ಫೈಡಿನ ಕಣವು ಕಾಲಕ್ರಮದಲ್ಲಿ ಹಿಗ್ಗಿ, ನಿಂತ ಬಂಡಿಯ ಗಾಜು ತಾನಾಗಿ ಒಡೆಯುವ ಪ್ರಸಂಗಗಳೂ ಅಪರೂಪವಾಗಿ ಉಂಟು. ದೃಷ್ಟಿ ತಾಗಿತೆಂದು ಮೆಣಸಿನಕಾಯಿ ನೀವಾಳಿಸುವವರು ಇದನ್ನೂ ತಿಳಿದಿರಲಿ. ಇನ್ನು ಗಡಿಯಲ್ಲಿ ಬಾಳುವವರಾದ ನಮಗೆ ಬೇರೊಂದು ಕಾರಣವೂ ಗೊತ್ತು. 2022ರ ಡಿಸೆಂಬರದಲ್ಲಿ ಗಡಿಯ ವಾದವು ಕಾವೇರಿದಾಗ ಬೆಳಗಾವಿಯ ಹಿರೇಬಾಗೇವಾಡಿಯ ಟೋಲನಾಕೆಯ ಬಳಿಯಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದು ಗಾಜುಗಳು ಒಡೆದವು. ವಾದವು ಯಾರದೇ ಇರಲಿ, ಗಾಜಿನ ಖರ್ಚು ಬಂಡಿಯವನದು.

ಗಾಜು ಒಡೆದ ಮೇಲೆ ಜನರು ಮಾಡುವ ಮೊದಲನೆಯ ಅವಿಚಾರವೆಂದರೆ, ಹಿಂಭಾಗವನ್ನು ತೆರೆದಿಟ್ಟುಕೊಂಡೇ ನಾಲ್ಕೆಂಟು ದಿನ ತಿರುಗಾಡುವದು. ‘ಗಾಳಿಯಾದರೂ ಬರುತ್ತದಲ್ಲ’ ಎನ್ನುವರು. ಬರುವ ಗಾಳಿ ಎಂಥದೆಂಬುದನ್ನು ಯೋಚಿಸರು. ಪೆಟ್ಟಿಗೆಯಾಕಾರದ ಬಂಡಿಯು ವೇಗದಿಂದ ಮುಂದೆ ಹೋಗುವಾಗ ಅದರ ಬೆನ್ನಿನಲ್ಲಿ ವಾಯುವಿನ ಒತ್ತಡವು ಕಡಿಮೆಯಾಗಿ ಸುಳಿಯೇಳುವದು. ಸೈಲೆನ್ಸರಿನ ಹೊಗೆ ಆ ಸುಳಿಯಲ್ಲಿ ಸಿಕ್ಕು ತೆರೆದ ಕಂಡಿಯಿಂದ ಒಳಕ್ಕೆ ಸೇರುವದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಅದು ಕಸಿದುಕೊಳ್ಳುವದು. ಮೊದಲು ತಲೆನೋವು, ಓಕರಿಕೆ, ತೂಕಡಿಕೆ. ಹಿಂದೆ ಕೂತ ಮಗು ಪ್ರಯಾಣದ ದಣಿವಿನಿಂದ ಮಲಗಿತೆಂದು ತಾಯಿ ಭಾವಿಸುವಳು. ಪೆಟ್ರೋಲಿನ ಎಂಜಿನ್ನಿನಲ್ಲಿ ಈ ಭಯ ಹೆಚ್ಚು, ಡೀಸೆಲ್ಲಿನಲ್ಲಿ ಕಡಿಮೆ. ಆದರೆ ಡೀಸೆಲ್ಲಿನ ಮಸಿಯೂ ಎಳೆಯ ಶ್ವಾಸಕೋಶಕ್ಕೆ ಪಥ್ಯವಲ್ಲ. ಮಿರಜದ ದವಾಖಾನೆಗೆ ರೋಗಿಯನ್ನು ಒಯ್ಯುವಂಥ ಸಂದರ್ಭವು ಬಂದರೆ ಬೇರೆ ಬಂಡಿಯನ್ನು ಕೇಳಿ ಪಡೆಯುವದು ಲೇಸು. ಗ್ಯಾರೇಜಿನವರೆಗೆ ಒಯ್ಯಲೇಬೇಕಾದರೆ ಕಂಡಿಗೆ ದಪ್ಪ ಪ್ಲಾಸ್ಟಿಕ್ಕಿನ ಹಾಳೆಯನ್ನು ಬಿಗಿಯಾಗಿ ಅಂಟಿಸಿ, ಒಳಗಿನ ಪಂಖವನ್ನು ಹೊರಗಿನ ಗಾಳಿಯನ್ನೆಳೆಯುವಂತೆ ಜೋರಾಗಿಟ್ಟು, ಹಿಂದೆ ಯಾರನ್ನೂ ಕೂಡ್ರಿಸದೆ, ಸಾವಕಾಶವಾಗಿ ಚಾಲಕನೊಬ್ಬನೇ ಒಯ್ಯತಕ್ಕದ್ದು.

ಹರಳುಗಳನ್ನು ಬಳಿಯುವ ಮೊದಲು ನಾಲ್ಕಾರು ಛಾಯಾಚಿತ್ರಗಳನ್ನು ತೆಗೆದಿಡಬೇಕು, ವಿಮೆಯವರು ಕೇಳುವರು. ಬರಿಗೈಯಿಂದ ಮುಟ್ಟಕೂಡದು. ಆಸನಗಳ ಸಂದು, ಬೆಲ್ಟಿನ ಕೊಂಡಿ, ಹಿಂದಿನ ಗಾಳಿಯ ಕಿಂಡಿ, ಡಿಕ್ಕಿಯ ಬಾಗಿಲಿನ ಟೊಳ್ಳು ಇವೆಲ್ಲೆಡೆಯಲ್ಲಿ ಹರಳು ಅಡಗಿರುವದು. ಬಾಗಿಲಿನ ಒಳಗಿನ ಹಲಗೆಯನ್ನು ಬಿಚ್ಚಿಸಿ ವ್ಯಾಕ್ಯೂಮಿನಿಂದ ಎಳೆಯಿಸದಿದ್ದರೆ ತಿಂಗಳುಗಟ್ಟಲೆ ಗೆಜ್ಜೆಯಂತೆ ಸಪ್ಪಳವಾಗುತ್ತಿರುವದು.

ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿತ ರೈತನೊಬ್ಬನು ಹೋದ ಸುಗ್ಗಿಯಲ್ಲಿ ಬಂದು, “ಗುರುಗಳೇ, ಒಂದು ಕಾಚಿಗೆ ಇಷ್ಟು ರೊಕ್ಕ ಕೇಳ್ತಾರಲ್ರೀ! ನಮ್ಮ ಕಿಟಕಿ ಮಾಡಿಕೊಟ್ಟ ಮಿಸ್ತ್ರಿ ಕಡೆಯಿಂದ ಒಂದು ಕತ್ತರಿಸಿ ಕೂಡಿಸಿದರ ಹ್ಯಾಂಗ?” ಎಂದು ಕೇಳಿದನು. ಪ್ರಶ್ನೆಯು ಸಹಜವಾದದ್ದೇ. “ತಮ್ಮಾ, ಕಿಟಕಿಯ ಗಾಜು ಒಡೆದರ ಚೂರಿ ಆಗತದ, ನಿನ್ನ ಹುಡುಗರು ಅದರ ಮುಂದ ಕೂಡ್ರತಾರ” ಎಂದೆ. ಮೇಲಾಗಿ ಹದಗೊಳಿಸಿದ ಗಾಜನ್ನು ಆಮೇಲೆ ಕತ್ತರಿಸಲೂ ಬಾರದು, ಕೊರೆಯಲೂ ಬಾರದು; ಹತ್ಯಾರು ತಾಗಿದೊಡನೆ ಪುಡಿಯಾಗುವದು. ಆದುದರಿಂದ ಅದರ ಬಾಗು, ಅಂಚು, ವೈಪರಿನ ತೂತು ಎಲ್ಲವೂ ಕುಲುಮೆಯೊಳಗೆ ಹೋಗುವ ಮುಂಚೆಯೇ ಆಗಿರಬೇಕು. ಈ ಬಂಡಿಗೆ ಈ ಗಾಜು, ಬೇರೆಯದು ಹೊಂದದು.

ಹಿಂದೆ ಹೀಗಿರಲಿಲ್ಲ. ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಮಿರಜದಾಚೆಯ ರೈಲುದಾರಿಯ ಮೇಲೆ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದರು. ಕರಾಡದ ಬಳಿಯ ಓಗಲೆವಾಡಿಯಲ್ಲಿ ಓಗಲೆ ಬಂಧುಗಳು 1916ರಲ್ಲಿ ಗಾಜಿನ ಕಾರಖಾನೆಯನ್ನು ತೆರೆದರು. ಅವರ ‘ಪ್ರಭಾಕರ’ ಕಂದೀಲಿನ ಚಿಮಣಿ ಒಡೆದರೆ ಸಂತೆಯಲ್ಲಿ ಇನ್ನೊಂದು ದೊರೆಯುತ್ತಿತ್ತು, ಯಾವ ಮನೆಯ ಕಂದೀಲಿಗಾದರೂ ಕೂಡುತ್ತಿತ್ತು. ಈಗ ಕಿರ್ಲೋಸ್ಕರರ ಹೆಸರು ಜಪಾನದ ಟೊಯೊಟಾದೊಡನೆ ಕೂಡಿ ಬಿಡದಿಯ ಕಾರಖಾನೆಯ ಮೇಲೆ ಇರುವದು. ನಮ್ಮೂರವರು ಮೆಚ್ಚುವ ಫಾರ್ಚುನರ್ ಬಂಡಿಯು 2009ರಿಂದ ಅಲ್ಲಿ ಸಿದ್ಧವಾಗುತ್ತಿರುವದು. ಆದರೆ ಇಂಥ ಬಂಡಿಗಳ ಹಿಂದಿನ ಗಾಜು ಸಂತೆಯ ಸರಕಲ್ಲ. ಒಂದೇ ಹೆಸರಿನ ಬಂಡಿಗೆ ವರ್ಷಭೇದದಿಂದ, ದರ್ಜೆಯ ಭೇದದಿಂದ ಗಾಜು ಬೇರೆಯಾಗುವದು: ಒಂದರಲ್ಲಿ ಮಂಜು ಕಳೆಯುವ ತಂತಿಗೆರೆಗಳು, ಒಂದರಲ್ಲಿ ರೇಡಿಯೋದ ಏರಿಯಲ್ಲು, ಒಂದರಲ್ಲಿ ವೈಪರು. ಕಾರಣ ಮಿರಜ, ಸಾಂಗಲಿ, ಕೊಲ್ಲಾಪುರ, ಬೆಳಗಾವಿಗಳ ಯಾವ ಅಂಗಡಿಯಲ್ಲಿ ಕೇಳಿದರೂ ಆರ್.ಸಿ.ಯಲ್ಲಿರುವ ಚಾಸಿಯ ಸಂಖ್ಯೆಯನ್ನು ಕೊಟ್ಟೇ ಗಾಜನ್ನು ಕೇಳಬೇಕು.

ಕಂಪನಿಯ ಡಬ್ಬಿಯಲ್ಲಿ ಬಂದದ್ದೇ ಬೇಕೋ, ಹೊರಗಿನದು ಸಾಲದೋ? ನನ್ನ ಅಭಿಪ್ರಾಯದಲ್ಲಿ ಡಬ್ಬಿಗಿಂತ ಗಾಜಿನ ಮೂಲೆಯಲ್ಲಿರುವ ಮುದ್ರೆಯು ಮುಖ್ಯ. ತಯಾರಕನ ಹೆಸರು, ಟೆಂಪರ್ಡ್ ಅಥವಾ ಟಫನ್ಡ್ ಎಂಬ ಶಬ್ದ, ಐ.ಎಸ್. 2553 ಎಂಬ ಭಾರತೀಯ ಮಾನಕದ ಗುರುತು ಇವನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡತಕ್ಕದ್ದು. ಕಪ್ಪುಬಣ್ಣದ ಮೋಹವೂ ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜುಗಳ ಮೂಲಕ ಶೇಕಡಾ 70ರಷ್ಟಾದರೂ ಬೆಳಕು ಹಾಯಬೇಕು. ಪಕ್ಕದವುಗಳಿಗೆ ಶೇಕಡಾ 50.

ಇನ್ನು ಕೂಡಿಸುವ ಕೆಲಸ. ಇಂದಿನ ದೊಡ್ಡ ಬಂಡಿಗಳಲ್ಲಿ ಈ ಗಾಜು ಬಹುತರವಾಗಿ ರಬ್ಬರಿನ ಗಾಡಿಯಲ್ಲಿ ಕೂಡ್ರುವದಿಲ್ಲ, ಪಾಲಿಯುರೆಥೇನ್ ಎಂಬ ಅಂಟಿನಿಂದ ಬಾಗಿಲಿನ ಚೌಕಟ್ಟಿಗೆ ಹತ್ತಿಕೊಳ್ಳುವದು. ಒಳ್ಳೆಯ ಮಿಸ್ತ್ರಿಯು ಹಳೆಯ ಅಂಟನ್ನು ಪೂರಾ ಕೆರೆಯನು. ಒಂದೆರಡು ಮಿಲಿಮೀಟರಿನ ಪದರವನ್ನು ಉಳಿಸಿ ಅದರ ಮೇಲೆಯೇ ಹೊಸದನ್ನು ಎಳೆಯುವನು. ತುಕ್ಕು ಕಂಡಲ್ಲಿ ತಿಕ್ಕಿ ಪ್ರೈಮರ್ ಹಚ್ಚುವನು. ಒರೆಸಿದ ಅಂಚನ್ನು ಮತ್ತೆ ಬೆರಳಿನಿಂದ ಮುಟ್ಟನು. ಬೆರಳಿನ ಜಿಡ್ಡು ಅಂಟಿನ ವೈರಿ. ಗಾಜಿನ ಸುತ್ತಲಿನ ಕಪ್ಪು ಪಟ್ಟಿ ಶೃಂಗಾರಕ್ಕೆಂದು ಇಟ್ಟದ್ದಲ್ಲ. ಬಿಸಿಲಿನ ಕಿರಣಗಳು ಅಂಟನ್ನು ತಿನ್ನದಂತೆ ಅದು ನೆರಳು ಕೊಡುವದು. ಅಂಟು ಗಾಳಿಯ ತೇವವನ್ನು ಹೀರಿಕೊಂಡು ಗಟ್ಟಿಯಾಗುವದಾದ್ದರಿಂದ ಮಳೆಗಾಲದಲ್ಲಿ ಬೇಗ, ಒಣಹವೆಯಲ್ಲಿ ತಡ. ಒಂದು ತಾಸಿನಲ್ಲಿ ಬಂಡಿ ಬಿಡಬಹುದಾದ ಅಂಟುಗಳೂ ಇವೆ, ಒಂದು ದಿನ ಕಾಯಬೇಕಾದವೂ ಇವೆ. ಅಂಟಿನ ಕೊಳವೆಯ ಮೇಲೆ ಅವಧಿ ಬರೆದಿರುವದು. ಅದನ್ನು ಓದಿಸಿ ಕೇಳಲು ನಾಚಬಾರದು. ಮೊದಲ ದಿನ ಒಂದು ಕಿಟಕಿಯನ್ನು ತುಸು ಇಳಿಸಿಡಬೇಕು. ಎಲ್ಲ ಮುಚ್ಚಿಟ್ಟು ಬಾಗಿಲನ್ನು ಬಡಿದರೆ ಒಳಗಿನ ಗಾಳಿ ಹಸಿ ಅಂಟಿನ ಮೇಲೆ ಗುದ್ದುವದು. ಎರಡು ದಿನ ಜೋರಿನ ನೀರಿನಿಂದ ತೊಳೆಯಿಸಬಾರದು.

ವಿಮೆಯ ಲೆಕ್ಕವನ್ನು ಸ್ವಲ್ಪ ಕೂತು ಮಾಡಬೇಕು. ಮೂರನೆಯವರ ಹಾನಿಗೆ ಮಾತ್ರ ಇರುವ ಕಡ್ಡಾಯ ವಿಮೆಯಿಂದ ನಮ್ಮ ಗಾಜಿಗೆ ಕಾಸೂ ಬಾರದು. ಸ್ವಂತ ಹಾನಿಯ ವಿಮೆಯಿದ್ದರೆ ಅಪಘಾತ, ದಂಗೆ, ದುರುದ್ದೇಶದ ಕಲ್ಲೇಟು ಎಲ್ಲವೂ ಅದರಲ್ಲಿ ಸೇರುವವು. ಕಲ್ಲೇಟಾದರೆ ಪೊಲೀಸರಲ್ಲಿ ಫಿರ್ಯಾದಿ ಮಾಡಿಡಬೇಕು. ಗಾಜಿಗೆ ಸವಕಳಿಯ ಕಡಿತವಿಲ್ಲ, 1500 ಸಿ.ಸಿ.ಗೂ ಮಿಕ್ಕ ಬಂಡಿಗೆ ಮೊದಲ 2000 ರೂಪಾಯಿ ಮಾತ್ರ ಕಡ್ಡಾಯವಾಗಿ ನಮ್ಮ ಮೇಲೆ. ಇಷ್ಟು ಕೇಳಿ ಹಿಗ್ಗುವವರು ಮುಂದಿನದನ್ನೂ ಕೇಳಬೇಕು. ಐದು ವರ್ಷ ಏನನ್ನೂ ಬೇಡದಿದ್ದವನಿಗೆ ಕಂತಿನಲ್ಲಿ ಶೇಕಡಾ 50ರ ರಿಯಾಯಿತಿ. ಒಮ್ಮೆ ಬೇಡಿದರೆ ಅದು ಸೊನ್ನೆಗಿಳಿದು, ಪುನಃ 20, 25, 35, 45, 50 ಎಂದು ಮೆಟ್ಟಲೇರಬೇಕು. ಸ್ವಂತ ಹಾನಿಯ ಕಂತು ವರ್ಷಕ್ಕೆ 30,000 ರೂಪಾಯಿ ಎಂದು ಹಿಡಿಯೋಣ. ರಿಯಾಯಿತಿಯಿಂದ 15,000 ಕೊಡುತ್ತಿದ್ದವನು ಮುಂದಿನ ಐದು ವರ್ಷಗಳಲ್ಲಿ ಅನುಕ್ರಮವಾಗಿ 15,000, 9,000, 7,500, 4,500, 1,500 ಹೆಚ್ಚಿಗೆ ಕೊಡುವನು. ಕೂಡಿಸಿದರೆ 37,500. ಬಂಡಿಯ ಬೆಲೆ ಇಳಿದಂತೆ ಕಂತೂ ಇಳಿಯುವದರಿಂದ ನಿಜದಲ್ಲಿ ತುಸು ಕಡಿಮೆಯಾದೀತು. ಹೀಗಿರಲು 20,000 ರೂಪಾಯಿಯ ಗಾಜಿಗಾಗಿ ವಿಮೆಯ ಬಾಗಿಲು ಬಡಿಯುವದು ಲಾಭವೋ ನಷ್ಟವೋ ಎಂಬುದನ್ನು ಪ್ರತಿಯೊಬ್ಬ ಯಜಮಾನನೂ ತನ್ನ ಪಾಲಿಸಿಯನ್ನು ಮುಂದಿಟ್ಟುಕೊಂಡು ನೋಡಬೇಕು. ರಿಯಾಯಿತಿಯನ್ನು ಕಾಯುವ ಪ್ರತ್ಯೇಕ ಜೋಡಣೆಯನ್ನು ಹಣ ತೆತ್ತು ಪಡೆದವರ ಲೆಕ್ಕ ಬೇರೆ. ಬೇಡುವದೇ ನಿಶ್ಚಯವಾದರೆ ಕೆಲಸಕ್ಕೆ ಕೈ ಹಚ್ಚುವ ಮುಂಚೆ ಕಂಪನಿಗೆ ತಿಳಿಸಬೇಕು. ಕೂಡಿಸಿಯಾದ ಮೇಲೆ ಸರ್ವೇಯರನು ಏನನ್ನು ನೋಡಬೇಕು?

ಬಂಡಿಯನ್ನು ಬಿಡಿಸಿಕೊಳ್ಳುವಾಗ ವೈಪರು, ಮೇಲಿನ ಬ್ರೇಕ್ ದೀಪ, ಹಿಂದಿನ ಕ್ಯಾಮರಾ ನಡೆಯುತ್ತವೆಯೋ ಎಂದು ಅಲ್ಲಿಯೇ ಪರೀಕ್ಷಿಸಬೇಕು. ಮಂಜು ಕಳೆಯುವ ಗುಂಡಿಯನ್ನು ಒತ್ತಿ ಕೆಲವು ನಿಮಿಷಗಳ ಮೇಲೆ ಒಳಗಿನಿಂದ ಅಂಗೈಯಿಟ್ಟರೆ ಗೆರೆಗಳು ಬೆಚ್ಚಗೆ ಹತ್ತಬೇಕು. ತಣ್ಣಗಿದ್ದರೆ ಪಕ್ಕದ ಕೊಂಡಿಯನ್ನು ಜೋಡಿಸಲು ಮರೆತಿರುವರು. ಆ ಗೆರೆಗಳು ಬೆಳ್ಳಿ ಬೆರೆಸಿದ ಲೇಪವನ್ನು ಗಾಜಿನ ಒಳಮೈಯಲ್ಲಿ ಸುಟ್ಟು ಕೂಡಿಸಿದವು, ಉಗುರಿನ ಗೀರಿಗೂ ತುಂಡಾದಾವು. ಮನೆಯಲ್ಲಿ ಬಂಡಿಯನ್ನು ಒರೆಸುವವರು ಯಾರೇ ಇರಲಿ, ಮೆತ್ತನೆಯ ಒದ್ದೆ ಬಟ್ಟೆಯಿಂದ ಗೆರೆಗಳ ಗುಂಟ ಅಡ್ಡಡ್ಡವಾಗಿ ಒರೆಸಬೇಕು, ಮೇಲಿನಿಂದ ಕೆಳಕ್ಕೆ ತಿಕ್ಕಬಾರದು. ಹಬ್ಬದ ಚೀಟಿ, ಮದುವೆಯ ಹೆಸರುಗಳನ್ನು ಅಂಟಿಸುವದಾದರೆ ಹೊರಮೈಯಲ್ಲಿಯೇ ಅಂಟಿಸಲಿ. ಒಳಗೆ ಅಂಟಿಸಿ ಆಮೇಲೆ ಬ್ಲೇಡಿನಿಂದ ಕೆರೆದರೆ ಚೀಟಿಯ ಜತೆಗೆ ಗೆರೆಯೂ ಕಿತ್ತು ಬರುವದು.