ಮನೆಯ ಗಣಕಕ್ಕೂ ಬೋರರ್ ಕಾಟ: ಗೂಢಚಾರಿ ತಂತ್ರಾಂಶ ತೆಗೆಯುವ ಬಗೆ

ಚಿಕ್ಕಮಗಳೂರು: ಕಾಫಿ ಬೆಳೆಗಾರರಿಗೆ ತಿಂಗಳ ಸಂಬಳವೆಂಬುದಿಲ್ಲ. ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿ ಚೀಲ ಸೇರಿ ಮಾರಾಟವಾದ ಮೇಲೆ ವರ್ಷದ ಆದಾಯದ ಬಹುಭಾಗ ಕೆಲವೇ ವಾರಗಳಲ್ಲಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಮೂಡಿಗೆರೆ, ಕಳಸ ಸುತ್ತಿನ ಅನೇಕ ತೋಟದ ಮನೆಗಳಲ್ಲಿ ಆ ಖಾತೆಯ ಬಾಗಿಲು ತೆರೆಯುವುದು ಜಗಲಿಯ ಪಕ್ಕದ ಕೋಣೆಯಲ್ಲಿರುವ ಒಂದೇ ಒಂದು ಗಣಕಯಂತ್ರದಿಂದ. ನ್ಯೂಯಾರ್ಕಿನ ಅರೇಬಿಕಾ ಧಾರಣೆ, ಲಂಡನ್ನಿನ ರೋಬಸ್ಟಾ ಧಾರಣೆ ನೋಡುವುದು ಅದರಲ್ಲೇ. ಪಹಣಿ ತೆಗೆಯುವುದು, ಆಳುಗಳ ಬಟವಾಡೆ ಬರೆಯುವುದು ಅದರಲ್ಲೇ. ರಜೆಗೆ ಬಂದ ಮಕ್ಕಳು ಆಟಗಳನ್ನು ಇಳಿಸಿಕೊಳ್ಳುವುದೂ ಅದರಲ್ಲೇ. ಆ ಯಂತ್ರದೊಳಗೆ ಗೂಢಚಾರಿ ತಂತ್ರಾಂಶವೊಂದು ಹೊಕ್ಕರೆ ಅಪಾಯಕ್ಕೆ ಒಳಗಾಗುವುದು ಯಂತ್ರವಲ್ಲ, ವರ್ಷದ ಫಸಲು.

ವೈರಸ್‌ಗೂ ಗೂಢಚಾರಿ ತಂತ್ರಾಂಶ ಅರ್ಥಾತ್ ಸ್ಪೈವೇರ್‌ಗೂ ಒಂದು ಮುಖ್ಯ ವ್ಯತ್ಯಾಸವಿದೆ. ವೈರಸ್ ತನ್ನ ಸಂತತಿಯನ್ನು ಒಂದು ಕಡತದಿಂದ ಇನ್ನೊಂದಕ್ಕೆ ಹರಡುತ್ತದೆ, ಕಡತಗಳನ್ನು ಹಾಳುಗೆಡವುವುದೂ ಉಂಟು. ಸ್ಪೈವೇರ್‌ಗೆ ಅಂಥ ಆತುರವಿಲ್ಲ. ಗಣಕ ಚೆನ್ನಾಗಿಯೇ ನಡೆಯುತ್ತಿರಬೇಕು, ಮಾಲೀಕ ಎಂದಿನಂತೆ ಕೆಲಸ ಮಾಡುತ್ತಿರಬೇಕು, ಅವನು ಒತ್ತಿದ ಕೀಲಿಗಳು, ನೋಡಿದ ತಾಣಗಳು, ಬ್ರೌಸರ್‌ನಲ್ಲಿ ಉಳಿಸಿಟ್ಟ ಗುಪ್ತಪದಗಳು ಸದ್ದಿಲ್ಲದೆ ಹೊರಗೆ ಹೋಗುತ್ತಿರಬೇಕು. ಇದರ ನೆಂಟನಾದ ಬೇಡದ ತಂತ್ರಾಂಶ ಇಷ್ಟು ಕಪಟಿಯಲ್ಲ. ಮುಖಪುಟ ಬದಲಿಸುತ್ತದೆ, ಹುಡುಕು ತಾಣವನ್ನು ತಿರುಗಿಸುತ್ತದೆ, ಜಾಹೀರಾತುಗಳನ್ನು ಮುಖಕ್ಕೆ ರಾಚುತ್ತದೆ. ಇಂಥ ಬಹಳಷ್ಟನ್ನು ಒಳಗೆ ಕರೆದುಕೊಂಡವರು ಮನೆಯವರೇ. ಅನುಸ್ಥಾಪನೆಯ ವೇಳೆ ಓದದೆ ಒತ್ತಿದ ‘ನೆಕ್ಸ್ಟ್’ ಗುಂಡಿಯೇ ಅವುಗಳ ರಹದಾರಿ.

ಈ ವಿದ್ಯೆ ಹೊಸದಲ್ಲ. 2000ದ ದಶಕದ ಆರಂಭದಲ್ಲಿ ಹಾಡುಗಳನ್ನು ಹಂಚಿಕೊಳ್ಳುವ ಕಜಾ ಎಂಬ ತಂತ್ರಾಂಶ ಜಗತ್ತಿನಾದ್ಯಂತ ಜನಪ್ರಿಯವಾಗಿತ್ತು. ಅದರ ಜೊತೆಗೆ ಗೇಟರ್‌ನಂಥ ಜಾಹೀರಾತು ತಂತ್ರಾಂಶಗಳೂ ಬಂದು ಕೂರುತ್ತಿದ್ದವು. ನೇರಳೆ ಬಣ್ಣದ ಕೋತಿಯೊಂದು ತೆರೆಯ ಮೇಲೆ ಮಾತಾಡುವ ಬೊಂಝಿ ಬಡ್ಡಿ ಮಕ್ಕಳಿಗೆ ಮೋಜೆನಿಸಿತ್ತು, ಅದರ ಹೊಟ್ಟೆಪಾಡು ಮಾತ್ರ ಜಾಹೀರಾತು. ಸ್ಪೈಬಾಟ್, ಆ್ಯಡ್-ಅವೇರ್ ಎಂಬ ಉಚಿತ ಶುಚಿಗಾರ ತಂತ್ರಾಂಶಗಳು ಮನೆಮಾತಾದದ್ದು ಆಗಲೇ. ದೊಡ್ಡ ಕಂಪನಿಗಳೂ ಹಿಂದೆ ಬೀಳಲಿಲ್ಲ. ಸೋನಿ ಬಿಎಂಜಿ ಸಂಗೀತ ಸಂಸ್ಥೆಯ ಸಿ.ಡಿ.ಗಳು ಗ್ರಾಹಕರ ಗಣಕದಲ್ಲಿ ಅಡಗುವ ತಂತ್ರಾಂಶವನ್ನು ಹೇಳದೆ ಕೇಳದೆ ಬಿತ್ತುತ್ತಿದ್ದುದನ್ನು ತಜ್ಞ ಮಾರ್ಕ್ ರುಸಿನೊವಿಚ್ 2005ರ ಅಕ್ಟೋಬರ್ ಕೊನೆಯಲ್ಲಿ ಬಯಲಿಗೆಳೆದರು. ಜೈಂಟ್ ಎಂಬ ಪುಟ್ಟ ಕಂಪನಿಯನ್ನು ಮೈಕ್ರೋಸಾಫ್ಟ್ 2004ರ ಡಿಸೆಂಬರ್‌ನಲ್ಲಿ ಕೊಂಡುಕೊಂಡಿತು; ಇಂದು ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನ ಮೂಲ ಅಲ್ಲಿದೆ.

ಅಂದಿನ ಸ್ಪೈವೇರ್ ಜಾಹೀರಾತು ತೋರಿಸಿ ಕಾಸು ಮಾಡುತ್ತಿತ್ತು. ಇಂದಿನದು ನೇರವಾಗಿ ಗುಪ್ತಪದಗಳನ್ನೇ ಕದ್ದು ಮಾರುತ್ತದೆ. ಲುಮ್ಮಾ ಎಂಬ ಮಾಹಿತಿಗಳ್ಳ ತಂತ್ರಾಂಶದ ಜಾಲವನ್ನು 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಹಾಗೂ ಹಲವು ದೇಶಗಳ ತನಿಖಾ ಸಂಸ್ಥೆಗಳು ಸೇರಿ ಮುರಿದಾಗ, ಅದಕ್ಕೆ ಹಿಂದಿನ ಎರಡೇ ತಿಂಗಳಲ್ಲಿ 3.94 ಲಕ್ಷಕ್ಕೂ ಹೆಚ್ಚು ವಿಂಡೋಸ್ ಗಣಕಗಳು ಅದಕ್ಕೆ ತುತ್ತಾಗಿದ್ದುದು ತಿಳಿದುಬಂತು.

ಮಲೆನಾಡಿನ ಮನೆಗೆ ಇವು ಬರುವ ದಾರಿಗಳು ನಾಲ್ಕಾರು. ಫೋಟೋ ಮುದ್ರಿಸಲು, ಅರ್ಜಿಯ ಪ್ರತಿ ತೆಗೆಸಲು ಪೇಟೆಯ ಅಂಗಡಿಗೆ ಕೊಟ್ಟ ಪೆನ್‌ಡ್ರೈವ್ ಮೊದಲನೆಯದು. ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಒಳಗಿನದು ತಾನೇ ಚಾಲೂ ಆಗುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2011ರಲ್ಲಿ ಹಳೆಯ ವಿಂಡೋಸ್‌ಗಳಲ್ಲೂ ಮುಚ್ಚಿತು. ಆದರೆ ಕಡತಕೋಶದ ಚಿತ್ರ ಹೊತ್ತ ನಕಲಿ ಶಾರ್ಟ್‌ಕಟ್ ಮೇಲೆ ಎರಡು ಬಾರಿ ಒತ್ತುವ ಬೆರಳನ್ನು ಯಾವ ಕಂಪನಿಯೂ ತಡೆಯಲಾರದು. ಹಣ ಕೊಡದೆ ಆಫೀಸ್ ಅಥವಾ ಲೆಕ್ಕಪತ್ರದ ತಂತ್ರಾಂಶ ನಡೆಸಲು ಬಳಸುವ ‘ಕ್ರ್ಯಾಕ್’ ಎರಡನೆಯದು. ಕ್ರ್ಯಾಕ್ ಹಾಕುವ ಮುನ್ನ ವೈರಸ್ ನಿರೋಧಕವನ್ನು ಆರಿಸಬೇಕು ಎಂಬ ಸೂಚನೆಯೇ ಅದರೊಡನೆ ಬರುತ್ತದೆ. ಮನೆಗೆ ಬರುವವನು ನಾಯಿಯನ್ನು ಮೊದಲು ಕಟ್ಟಿಹಾಕಿ ಎಂದರೆ ಯಾರಿಗಾದರೂ ಸಂಶಯ ಬರಬೇಕಲ್ಲವೇ?

ಮೂರನೆಯದು ಕನ್ನಡಿಗರಿಗೆ ತೀರ ಹತ್ತಿರದ್ದು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ (1938-2007) ಕನ್ನಡ ತಂತ್ರಾಂಶದ ವಿಷಯವನ್ನು ಗಂಭೀರವಾಗಿ ಹಚ್ಚಿಕೊಂಡಿದ್ದವರು. ಗಣಕದಲ್ಲಿ ಕನ್ನಡ ಬರೆಯಬೇಕೆಂಬ ಹಂಬಲ ಈ ಬೆಟ್ಟಗಳಿಗೆ ಬಹಳ ಹಿಂದೆಯೇ ಬಂದಿದೆ. ಆ ಹಂಬಲದಿಂದ ನುಡಿ ಅಥವಾ ಬರಹದ ಹೆಸರನ್ನು ಹುಡುಕು ತಾಣದಲ್ಲಿ ಹಾಕಿದರೆ ಮೂಲ ತಾಣಗಳ ಜೊತೆಗೆ ಯಾವ್ಯಾವುದೋ ಡೌನ್‌ಲೋಡ್ ತಾಣಗಳೂ ಎದುರಾಗುತ್ತವೆ. ಅಂಥ ಕಡೆ ದೊಡ್ಡದಾಗಿ ಹೊಳೆಯುವ ಹಸಿರು ಗುಂಡಿ ಅನೇಕ ವೇಳೆ ಜಾಹೀರಾತು, ನಿಜವಾದ ಕೊಂಡಿ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿರುತ್ತದೆ. ಹೆಸರಾಂತ ತಾಣವೆಂದು ನಂಬುವುದೂ ಕಷ್ಟ: ಸಿನೆಟ್ ಸಂಸ್ಥೆಯ ಡೌನ್‌ಲೋಡ್ ತಾಣ ಇತರರ ಉಚಿತ ತಂತ್ರಾಂಶಗಳಿಗೆ ಟೂಲ್‌ಬಾರ್ ಅಂಟಿಸಿ ಕೊಡುತ್ತಿದೆಯೆಂದು 2011ರ ಡಿಸೆಂಬರ್‌ನಲ್ಲಿ ಎನ್‌ಮ್ಯಾಪ್ ತಂತ್ರಾಂಶದ ಕರ್ತೃ ಬಹಿರಂಗವಾಗಿ ಆಕ್ಷೇಪಿಸಿದ್ದರು. ಇಷ್ಟಕ್ಕೂ 2019ರ ಮೇ ಆವೃತ್ತಿಯಿಂದ ವಿಂಡೋಸ್ 10ರಲ್ಲಿ ಉಚ್ಚಾರಣೆಯಂತೆ ಕನ್ನಡ ಬೆರಳಚ್ಚಿಸುವ ಕೀಲಿಮಣೆ ಒಳಗೇ ಇದೆ. ಪತ್ರ ಬರೆಯಲು ಹೊರಗಿನಿಂದ ಏನನ್ನೂ ತರಬೇಕಿಲ್ಲ.

ಇನ್ನೊಂದು ದಾರಿ ದೂರವಾಣಿ. ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡಿದವರು ಎನಿಡೆಸ್ಕ್‌ನಂಥ ದೂರನಿಯಂತ್ರಣ ತಂತ್ರಾಂಶ ಹಾಕಿಸುತ್ತಾರೆ. ತಂತ್ರಾಂಶ ಸಾಚಾ, ಬಳಸುವವರು ಕಳ್ಳರು. ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಈ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಯಾವ ಶುಚಿಗಾರ ತಂತ್ರಾಂಶವೂ ಇದನ್ನು ಕಳ್ಳನೆಂದು ಹಿಡಿಯದಿರಬಹುದು. ಮನೆಯವರೇ ಗುರುತಿಸಿ ತೆಗೆಯಬೇಕು.

ತೆಗೆಯುವ ಕೆಲಸದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೇನೆಂದು ಕಾಫಿ ಬೆಳೆಗಾರರಿಗೆ ವಿವರಿಸುವುದು ಸುಲಭ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಮೊದಮೊದಲು ಹಸಿರಾಗಿಯೇ ಇರುತ್ತದೆ. ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತಿರುವುದು ಎಲೆ ಹಳದಿಯಾದಾಗಲೇ ಎದ್ದು ಕಾಣುವುದು. ಹಳದಿ ಎಲೆ ಚಿವುಟಿದರೆ ಬೋರರ್ ಹೋಗದು. ದುಂಬಿಗಳು ಹಾರಾಡುವ ಏಪ್ರಿಲ್-ಮೇ ಹಾಗೂ ಅಕ್ಟೋಬರ್-ಡಿಸೆಂಬರ್ ಅವಧಿಗೆ ಮುನ್ನವೇ ಗಿಡ ಗಿಡ ನೋಡಿ, ಹುಳು ಹಿಡಿದದ್ದನ್ನು ಬುಡಸಮೇತ ಕಿತ್ತು ಸುಡುತ್ತಾರೆ. ಗಣಕದಲ್ಲಿ ಕಾಣುವ ಜಾಹೀರಾತು ಹಳದಿ ಎಲೆಯಷ್ಟೇ. ತೆರೆಯ ಮೇಲಿನ ಚಿತ್ರಿಕೆಯನ್ನು ಕಸದ ಬುಟ್ಟಿಗೆ ಎಳೆದರೆ ತಂತ್ರಾಂಶ ಹೋಗುವುದಿಲ್ಲ. ಅದರ ಒಂದು ತುಂಡು ಗಣಕ ಏಳುವಾಗಲೇ ಚಾಲೂ ಆಗುವ ಪಟ್ಟಿಯಲ್ಲಿ, ಇನ್ನೊಂದು ನಿಗದಿತ ಕೆಲಸಗಳ ಪಟ್ಟಿಯಲ್ಲಿ, ಮತ್ತೊಂದು ಬ್ರೌಸರ್‌ನೊಳಗೆ ಇರುತ್ತದೆ. ಒಂದನ್ನು ಕಿತ್ತರೆ ಉಳಿದದ್ದು ಅಂತರಜಾಲದಿಂದ ಅದನ್ನು ಮತ್ತೆ ತರಿಸಿಕೊಳ್ಳುತ್ತದೆ.

ಆದಕಾರಣ ಮೊದಲ ಕೆಲಸ ಜಾಲಸಂಪರ್ಕ ಕಡಿಯುವುದು. ಕೇಬಲ್ ಕೀಳಬೇಕು, ವೈಫೈ ಆರಿಸಬೇಕು. ಆ ಬಳಿಕ ‘ಸೆಟ್ಟಿಂಗ್ಸ್’ನಲ್ಲಿ ಅನುಸ್ಥಾಪಿತ ತಂತ್ರಾಂಶಗಳ ಪಟ್ಟಿ ತೆರೆದು ದಿನಾಂಕದಂತೆ ಜೋಡಿಸಿದರೆ ತೊಂದರೆ ಶುರುವಾದ ದಿನ ಏನೇನು ಬಂತೆಂಬುದು ಕಾಣುತ್ತದೆ. ಗುರುತಿಲ್ಲದ ಟೂಲ್‌ಬಾರ್, ‘ಆಪ್ಟಿಮೈಜರ್’, ‘ಡ್ರೈವರ್ ಅಪ್‌ಡೇಟರ್’ಗಳನ್ನು ಅಲ್ಲಿಂದಲೇ ತೆಗೆಯಬೇಕು. ಸರದಿ ಬ್ರೌಸರ್‌ಗೆ ಬಂದಾಗ ವಿಸ್ತರಣೆಗಳ ಪಟ್ಟಿಯಲ್ಲಿ ಯಾರೂ ಹಾಕದಿದ್ದುದೆಲ್ಲ ಹೊರಹೋಗಬೇಕು, ಮುಖಪುಟವನ್ನೂ ಹುಡುಕು ತಾಣವನ್ನೂ ಮೊದಲಿನಂತೆ ಮಾಡಬೇಕು.

ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಗಣಕದಲ್ಲಿ ಐದು ವೈರಸ್‌ಗಳಿವೆ’ ಎಂದು ಪದೇ ಪದೇ ಹೆದರಿಸುವ ಚೌಕಗಳಿಂದ ಅನೇಕರು ಕಂಗಾಲಾಗುತ್ತಾರೆ. ಇವು ಬಹುಮಟ್ಟಿಗೆ ವೈರಸ್ಸೂ ಅಲ್ಲ, ಸ್ಪೈವೇರೂ ಅಲ್ಲ. ಯಾವುದೋ ತಾಣ ‘ಸೂಚನೆ ಕಳಿಸಲೇ’ ಎಂದು ಕೇಳಿದಾಗ ‘ಅಲೋ’ ಒತ್ತಿದ್ದರ ಫಲ. ಬ್ರೌಸರ್‌ನ ‘ನೋಟಿಫಿಕೇಶನ್’ ವಿಭಾಗಕ್ಕೆ ಹೋಗಿ ಆ ತಾಣದ ಅನುಮತಿ ಕಿತ್ತುಕೊಂಡರೆ ಅರ್ಧ ನಿಮಿಷದಲ್ಲಿ ನಿಲ್ಲುತ್ತವೆ. ಈ ಚೌಕದಲ್ಲಿರುವ ಸಂಖ್ಯೆಗೆ ಕರೆ ಮಾಡಿ ದುಡ್ಡು ಕಳೆದುಕೊಂಡವರಿದ್ದಾರೆ.

ಕೈಯಿಂದ ಆಗುವಷ್ಟು ಆದ ಮೇಲೆ ಯಂತ್ರದ ಸರದಿ. ವಿಂಡೋಸ್ ಸೆಕ್ಯುರಿಟಿಯ ‘ಸ್ಕ್ಯಾನ್ ಆಪ್ಶನ್ಸ್’ನಲ್ಲಿ ಡಿಫೆಂಡರ್‌ನ ಆಫ್‌ಲೈನ್ ತಪಾಸಣೆ ಎಂಬುದಿದೆ. ವಿಂಡೋಸ್ ಪೂರ್ತಿ ಎಚ್ಚರವಾಗುವ ಮೊದಲೇ ನಡೆಯುವುದರಿಂದ ಅಡಗಿದವುಗಳಿಗೆ ಬಚ್ಚಿಟ್ಟುಕೊಳ್ಳಲು ಸಮಯ ಸಿಗದು. ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವ ಊರುಗಳಲ್ಲಿ ಯುಪಿಎಸ್ ತುಂಬಿದೆಯೇ ಎಂದು ನೋಡಿಕೊಂಡೇ ಇದನ್ನು ಆರಂಭಿಸುವುದು ಒಳಿತು. ಎರಡನೆಯ ಅಭಿಪ್ರಾಯ ಬೇಕಿದ್ದರೆ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ಉಚಿತ ಆ್ಯಡ್‌ಡಬ್ಲ್ಯೂಕ್ಲೀನರ್ ಬೇಡದ ತಂತ್ರಾಂಶಗಳಿಗೆಂದೇ ಇರುವಂಥದು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಭಾರತೀಯ ಕಂಪನಿಗಳ ಉಚಿತ ಶುಚಿಗಾರಗಳನ್ನು ಒದಗಿಸುತ್ತ ಬಂದಿದೆ. ಜಾಲಸಂಪರ್ಕ ಕಡಿದಿರುವುದರಿಂದ ಇವನ್ನು ಬೇರೊಂದು ಶುದ್ಧ ಗಣಕದಲ್ಲಿ, ತಯಾರಕರ ತಾಣದಿಂದಲೇ ಇಳಿಸಿ ತರಬೇಕು. ಎರಡು ವೈರಸ್ ನಿರೋಧಕಗಳನ್ನು ಒಟ್ಟಿಗೆ ಸದಾ ಓಡಿಸುವುದು ಬೇಡ; ಒಂದನ್ನೊಂದು ಕಾಲೆಳೆದು ಗಣಕ ಕುಂಟುತ್ತದೆ. ಶುಚಿಗಾರದ ಮೇಲೂ ಕುರುಡು ನಂಬಿಕೆ ಸಲ್ಲ. 2017ರಲ್ಲಿ ಸಿಸಿಕ್ಲೀನರ್‌ನ ಅಧಿಕೃತ ಆವೃತ್ತಿಯೊಳಗೇ ಕಳ್ಳರು ತಮ್ಮ ಸಂಕೇತ ಸೇರಿಸಿ, ಅದು 20 ಲಕ್ಷಕ್ಕೂ ಮಿಕ್ಕಿದ ಗಣಕಗಳನ್ನು ತಲುಪಿತ್ತು.

ಎಲ್ಲ ತೆಗೆದ ಮೇಲೆ ಅಂತರಜಾಲವೇ ಬರುತ್ತಿಲ್ಲ ಎಂಬ ದೂರು ಸಾಮಾನ್ಯ. ತಂತ್ರಾಂಶ ಹೋಗಿದೆ, ಅದು ಹಾಕಿಟ್ಟ ‘ಪ್ರಾಕ್ಸಿ’ ಉಳಿದಿದೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸಿದರೆ ಸರಿಹೋಗುತ್ತದೆ.

ಅತಿ ಮುಖ್ಯವಾದ, ಅಷ್ಟೇ ಉಪೇಕ್ಷಿತವಾದ ಕೆಲಸ ಇನ್ನೂ ಬಾಕಿ. ಸ್ಪೈವೇರ್ ಹೊರಬಿದ್ದರೂ ಅದು ಈಗಾಗಲೇ ಕಳಿಸಿದ ಗುಪ್ತಪದಗಳು ಹಿಂದಿರುಗುವುದಿಲ್ಲ. ಇ-ಮೇಲ್, ಬ್ಯಾಂಕ್, ಆ ಬಳಿಕ ಉಳಿದವುಗಳ ಗುಪ್ತಪದಗಳನ್ನು ಬದಲಿಸಬೇಕು. ಅದೂ ಸೋಂಕು ತಗುಲಿದ ಗಣಕದಿಂದಲ್ಲ, ಮೊಬೈಲಿನಿಂದ ಅಥವಾ ಬೇರೆ ಗಣಕದಿಂದ. ಇ-ಮೇಲ್ ಮೊದಲು ಏಕೆಂದರೆ ಉಳಿದೆಲ್ಲ ಖಾತೆಗಳ ಬೀಗದಕೈ ಅಲ್ಲಿಗೇ ಬರುತ್ತದೆ. ಇಂದಿನ ಮಾಹಿತಿಗಳ್ಳರು ಗುಪ್ತಪದದ ಜೊತೆಗೆ ಬ್ರೌಸರ್‌ನಲ್ಲಿರುವ ಕುಕಿಗಳನ್ನೂ ಒಯ್ಯುತ್ತಾರೆ. ಅದಿದ್ದರೆ ಗುಪ್ತಪದವಾಗಲಿ ಓಟಿಪಿಯಾಗಲಿ ಇಲ್ಲದೆಯೇ ಖಾತೆಯೊಳಗೆ ಕೂರಬಹುದು. ಹೀಗಾಗಿ ‘ಎಲ್ಲ ಸಾಧನಗಳಿಂದ ಹೊರಬನ್ನಿ’ ಎಂಬ ಆಯ್ಕೆಯನ್ನೂ ಒತ್ತಲೇಬೇಕು. ಹಣ ಹೋದದ್ದು ಗೊತ್ತಾದರೆ ಬ್ಯಾಂಕಿಗೆ ತಿಳಿಸುವುದರ ಜೊತೆಗೇ 1930ಕ್ಕೆ ಕರೆ ಮಾಡಬೇಕು. ಇಲ್ಲಿ ಗಂಟೆಗಳಲ್ಲ, ನಿಮಿಷಗಳು ಲೆಕ್ಕಕ್ಕೆ ಬರುತ್ತವೆ. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಹಿಡಿಯಲು ಸಾಧ್ಯವಾಗುವುದು ಆಗಲೇ. ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ 43ನೇ ಕಲಂ, ಅನುಮತಿಯಿಲ್ಲದೆ ಮಾಹಿತಿಯನ್ನು ದಾಖಲಿಸುವ, ರವಾನಿಸುವ ಸಂಕೇತಗಳನ್ನೂ ಗಣಕ ಮಾಲಿನ್ಯದ ವ್ಯಾಖ್ಯೆಯೊಳಗೆ ತಂದಿದೆ. 66ನೇ ಕಲಂನಂತೆ ಮೂರು ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಇಷ್ಟಾದರೂ ಕಾಟ ಮರಳಿದರೆ ಗಿಡ ಕಿತ್ತು ಸುಡುವ ಹಂತ ಬಂದಿದೆ ಎಂದರ್ಥ: ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಯಂತ್ರ ತಾಳಿಕೊಳ್ಳುವುದಾದರೆ ವಿಂಡೋಸ್ 11, ಇಲ್ಲವಾದರೆ ಹಳೆಯ ಯಂತ್ರದಲ್ಲೂ ಓಡುವ ಉಚಿತ ಲಿನಕ್ಸ್ ಹಾಕಿಸುವುದು ಸೂಕ್ತ. ಅಳಿಸುವ ಮುನ್ನ ಫೋಟೋ, ಪತ್ರ, ಲೆಕ್ಕದ ಕಡತಗಳನ್ನಷ್ಟೇ ನಕಲು ಮಾಡಿಕೊಳ್ಳಬೇಕು, ಅನುಸ್ಥಾಪನೆಯ ಕಡತಗಳನ್ನಲ್ಲ. ಕನ್ನಡದ ಮನೆಗಳಿಗೆ ಒಂದು ಹೆಚ್ಚುವರಿ ಕೆಲಸವಿದೆ. ಹತ್ತು ಹದಿನೈದು ವರ್ಷಗಳ ಹಿಂದೆ ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ ವಿಭಾಗಪತ್ರದ ಕರಡು, ಆಳುಗಳ ಲೆಕ್ಕ, ಸಂಘದ ನಡಾವಳಿಗಳು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಫಾಂಟ್ ಕಡತಗಳನ್ನೂ ಜೊತೆಗೆ ಎತ್ತಿಟ್ಟುಕೊಂಡು, ಹೊಸ ವಿಂಡೋಸ್ ಬಂದ ಮೇಲೆ ಆ ತಂತ್ರಾಂಶಗಳಲ್ಲೇ ಇರುವ ಪರಿವರ್ತಕದಿಂದ ಅವನ್ನು ಯುನಿಕೋಡ್‌ಗೆ ಬದಲಿಸಿಟ್ಟರೆ ಮುಂದಿನ ಸಲ ಈ ತಾಪತ್ರಯವಿರದು.