ಒಗರಿನ ಗುಣ, ಚಹಾದ ಹೊತ್ತು

ಎಳೆಯ ಬಾಳೆಕಾಯಿ, ನೇರಳೆ, ಅಳಲೆಕಾಯಿಗಳನ್ನು ಬಾಯಿಗಿಟ್ಟೊಡನೆ ನಾಲಿಗೆ ಬಿಗಿದಂತಾಗುತ್ತದೆ. ಆಯುರ್ವೇದವು ಷಡ್ರಸಗಳಲ್ಲಿ ಇದನ್ನು ಕಷಾಯರಸವೆಂದು ಎಣಿಸಿದೆ. ಈ ಒಗರಿಗೆ ಮುಖ್ಯ ಕಾರಣ ಟ್ಯಾನಿನ್ ಎಂಬ ಸಸ್ಯಜನ್ಯ ದ್ರವ್ಯ. ಕೀಟಗಳಿಂದಲೂ ಮೇಯುವ ಪ್ರಾಣಿಗಳಿಂದಲೂ ಗಿಡಕ್ಕೆ ಇದೇ ರಕ್ಷೆ.

ಪ್ರೋಟೀನನ್ನು ಹಿಡಿದು ಕಟ್ಟುವುದು ಟ್ಯಾನಿನ್ನಿನ ಸ್ವಭಾವ. ಜೊಲ್ಲಿನಲ್ಲಿರುವ ಪ್ರೋಟೀನು ಅದರೊಡನೆ ಗಂಟುಕಟ್ಟಿದಾಗ ಬಾಯಿಯ ನುಣುಪು ತಪ್ಪಿ ಒಗರು ತೋರುತ್ತದೆ. ಒಣಭೂಮಿಯ ಜಾಲಿ, ತಂಗಡಿಗಳ ತೊಗಟೆಯಿಂದ ಚರ್ಮ ಹದಮಾಡುವ ವಿದ್ಯೆಯ ಮರ್ಮವೂ ಇದೇ. ಹಸಿ ಚರ್ಮದ ಪ್ರೋಟೀನನ್ನು ಟ್ಯಾನಿನ್ ಬಿಗಿದು, ಅದು ಕೊಳೆಯದಂತೆ ಕಾಯುತ್ತದೆ.

ಟ್ಯಾನಿನ್ ಕಬ್ಬಿಣವನ್ನೂ ಹಿಡಿಯುತ್ತದೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಕಪ್ಪು ಶಾಯಿ ಮಾಡುತ್ತಿದ್ದರು. ಅನ್ನಭೇದಿಯೆಂದರೆ ಕಬ್ಬಿಣದ ಒಂದು ಲವಣ. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಇರುವುದೂ ಶುದ್ಧೀಕರಿಸಿದ ಇದೇ ಲವಣ. ಚಹಾದಲ್ಲಿಯೂ ಟ್ಯಾನಿನ್ ಧಾರಾಳವಾಗಿದೆ. ಗುಳಿಗೆಯನ್ನು ಚಹಾದೊಡನೆ ನುಂಗಿದರೆ ಶಾಯಿಯ ಪಾತ್ರೆಯಲ್ಲಿ ನಡೆಯುತ್ತಿದ್ದ ಕ್ರಿಯೆಯೇ ಹೊಟ್ಟೆಯಲ್ಲಿ ನಡೆದು, ರಕ್ತಕ್ಕೆ ಸೇರಬೇಕಾದ ಕಬ್ಬಿಣ ಬಹಳಷ್ಟು ವ್ಯರ್ಥವಾಗುತ್ತದೆ.

ಯಾದಗಿರಿ, ಶಹಾಪುರ, ಸುರಪುರದ ಕಡೆಯ ಊಟವೆಂದರೆ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ. ಧಾನ್ಯ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹ ಮೊದಲೇ ಅಲ್ಪವಾಗಿ ಹೀರಿಕೊಳ್ಳುತ್ತದೆ. ಉಣ್ಣುತ್ತಲೇ ಚಹಾ ಸೇವಿಸಿದರೆ ಆ ಅಲ್ಪವೂ ಅರ್ಧಕ್ಕಿಂತ ಕಡಿಮೆಯಾಗಬಹುದು. ಹಾಲು ಬೆರೆಸಿದ ಮಾತ್ರಕ್ಕೆ ಈ ದೋಷ ನೀಗದು.

ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 11 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅದು ತೀವ್ರವಾದರೆ ಹೆರಿಗೆಯಲ್ಲಿ ತಾಯಿಯ ಪ್ರಾಣಕ್ಕೇ ಅಪಾಯ. ಶಿಶುವಿನ ತೂಕವೂ ಕುಂದಬಹುದು. ಇದನ್ನು ತಡೆಯಲೆಂದೇ ಗರ್ಭಿಣಿಯರಿಗೆ ದಿನಕ್ಕೊಂದರಂತೆ 180 ದಿನ ಗುಳಿಗೆ ಕೊಡುವ ಸರಕಾರಿ ವ್ಯವಸ್ಥೆಯಿದೆ. ಗುಳಿಗೆಯಿಂದ ಫಲವಿಲ್ಲವೆಂದು ಬಿಡುವ ಮುನ್ನ, ಅದನ್ನು ಯಾವುದರೊಡನೆ ನುಂಗುತ್ತಿದ್ದೇವೆಂದು ವಿಚಾರಿಸಬೇಕು, ವೈದ್ಯರಿಗೂ ತಿಳಿಸಬೇಕು.

ಹಾಗೆಂದು ಒಗರು ವೈರಿಯಲ್ಲ. ಅತಿಸಾರಕ್ಕೆ ದಾಳಿಂಬೆಯ ಸಿಪ್ಪೆಯ ಕಷಾಯವನ್ನು ಹಿರಿಯರು ಬಳಸುತ್ತಿದ್ದುದು ಈ ಗುಣಕ್ಕಾಗಿಯೇ. ಆದರೆ ಅಡಿಕೆಯ ಒಗರನ್ನು ಔಷಧವೆಂದು ಬಗೆಯಬಾರದು. ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿದೆ.

ಸದ್ಭಕ್ತರು ಚಹಾವನ್ನು ಪೂರ್ತಿ ತ್ಯಜಿಸಬೇಕಿಲ್ಲ. ಊಟಕ್ಕೂ ಗುಳಿಗೆಗೂ ಅದರಿಂದ ಒಂದೆರಡು ಗಂಟೆಯ ಅಂತರವಿರಲಿ. ಗುಳಿಗೆಯನ್ನು ನೀರಿನೊಡನೆ ನುಂಗಬೇಕು. ಪಲ್ಯದ ಮೇಲೆ ನಿಂಬೆರಸ ಹಿಂಡಿಕೊಂಡರೆ ಅದರ ಸಿ ಜೀವಸತ್ವವು ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. ಮನೆಯಲ್ಲಿ ಸೊಸೆಯೋ ಮಗಳೋ ಗರ್ಭಿಣಿಯಾಗಿದ್ದರೆ, ಈ ಅಂತರವನ್ನು ಕಾಯುವುದು ಮನೆಯವರೆಲ್ಲರ ಹೊಣೆ.